ಹಗ್ಗದವನ ಹೂಂ

"ಮಾವ, ನಾಲ್ಕು ವರ್ಷ ಬಂದು ಕೂತರೂ ಒಂದು ಕತೆ ಹೇಳಲು ಬಾರದವರನ್ನು ಕೂಟದಿಂದ ಬಿಡಿಸಿದರೆ ತಪ್ಪೇ?"

ಹಾಲೇಶ ಹೀಗೆ ಕೇಳಿದಾಗ ಕೊಟ್ರಯ್ಯ ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಊರಿನ ಕತೆಯ ಕೂಟಕ್ಕೆ ಅವರು ಗುರು. ಆದರೆ ಗುರುಗಳೇ ಎಂದು ಕರೆದರೆ ಹಿಂದೆ ತಿರುಗಿ, "ಯಾರೋ ದೊಡ್ಡವರು ಬಂದರು ನೋಡಪ್ಪ" ಎನ್ನುತ್ತಿದ್ದರು. ಹಾಗಾಗಿ ಊರಿಗೆಲ್ಲ ಅವರು ಮಾವ. ಹಾಲೇಶ ಅವರ ಹಿರಿಯ ಶಿಷ್ಯ. ಮಾವನ ಮೊಣಕಾಲು ಮುಷ್ಕರ ಹೂಡಿದ ಮೇಲೆ ಕೂಟವನ್ನು ನಡೆಸುತ್ತಿದ್ದವನು ಅವನೇ.

"ಯಾರಯ್ಯ ಆ ಪುಣ್ಯಾತ್ಮರು?" ಎಂದರು ಮಾವ.

"ಮೂವರಿದ್ದಾರೆ. ಭಾನುವಾರ ಬಂತೆಂದರೆ ಎಲ್ಲರಿಗಿಂತ ಮೊದಲು ಬರುತ್ತಾರೆ. ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಎದ್ದು ನಿಂತು ಒಂದು ಹೇಳಿ ಎಂದರೆ 'ಮುಂದಿನ ವಾರ' ಎನ್ನುತ್ತಾರೆ. ನಾಲ್ಕು ವರ್ಷದಲ್ಲಿ ಎಷ್ಟು ಮುಂದಿನ ವಾರ ಬಂದು ಹೋಯಿತು ನೀವೇ ಹೇಳಿ. ಹೊರಗೆ ಆರು ಜನ ಹೊಸಬರು ಕಾದಿದ್ದಾರೆ. ನಮ್ಮ ಕೋಣೆ ನೋಡಿದರೆ ಬೆಂಕಿಪೊಟ್ಟಣ. ಕತೆ ಉಳಿಯಬೇಕೆಂದರೆ ಹೇಳುವವರು ಬೇಕಲ್ಲವೇ? ಈ ಭಾನುವಾರ ಅವರಿಗೆ ಹೇಳಿಬಿಡೋಣ ಅಂತಿದ್ದೇನೆ."

"ಹೇಳಿಬಿಡು. ಬೇಡವೆಂದವರು ಯಾರು? ಹಿಂದೆ ಒಂದು ಕೂಟದವರು ಹೀಗೇ ಒಬ್ಬನನ್ನು ಬಿಡಿಸಹೊರಟಿದ್ದರು. ಅದೊಂದನ್ನು ಕೇಳಿಕೊಂಡು ಹೋಗು. ಮೊದಲೇ ಹೇಳುತ್ತೇನೆ, ಕತೆ ಹೇಳುವುದರಲ್ಲಿ ಸುತ್ತ ಹದಿನಾರು ಹಳ್ಳಿಗೆ ನನ್ನ ಸಮ ಯಾರೂ ಇಲ್ಲ. ಒಮ್ಮೆ ನಾನು ಇದೇ ಜಗಲಿಯಲ್ಲಿ ಕತೆ ಹೇಳುತ್ತಿದ್ದಾಗ ಒಲೆಯ ಮೇಲಿನ ಹಾಲು ಉಕ್ಕುವುದನ್ನೇ ಮರೆತು ನಿಂತುಬಿಟ್ಟಿತ್ತು. ಸುಳ್ಳೆಂದರೆ ನಿಮ್ಮ ಅತ್ತೆಯನ್ನು ಕೇಳು."

"ಒಲೆಗೆ ಬೆಂಕಿಯನ್ನೇ ಹಾಕಿರಲಿಲ್ಲ!" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

"ಕೇಳಿದೆಯಾ? ಒಲೆಯೂ ಕತೆ ಕೇಳುತ್ತಿತ್ತು," ಎಂದು ಮಾವ ಎಲೆಯನ್ನು ಬಾಯಿಗಿಟ್ಟುಕೊಂಡು ಶುರುಮಾಡಿದರು.

ಒಂದೂರು. ಆ ಊರಿನಲ್ಲಿ ಕತೆ ಹೇಳುವ ರೂಢಿ ತಪ್ಪಿಹೋಗಿತ್ತು. ಯಾರೂ ಬೇಕೆಂದು ನಿಲ್ಲಿಸಿದ್ದಲ್ಲ. ಹೇಳುವವರು ನಾಳೆ ಹೇಳೋಣ ಎಂದರು. ಕೇಳುವವರು ನಾಳಿದ್ದು ಕೇಳೋಣ ಎಂದರು. ನಾಳೆಗೂ ನಾಳಿದ್ದಿಗೂ ನಡುವೆ ಕತೆ ಎಲ್ಲೋ ಬಿದ್ದುಹೋಯಿತು.

ಒಂದು ಮದುವೆಯಲ್ಲಿ ಇದು ಬಯಲಾಯಿತು. ಬೀಗರು ಉಂಡು, ಎಲೆಯಡಿಕೆ ಹಾಕಿಕೊಂಡು, "ಎಲ್ಲಿ, ನಿಮ್ಮೂರಿನದೊಂದು ಕತೆ ಬರಲಿ" ಎಂದರು. ಊರಿನವರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಒಬ್ಬ ವರ್ತಕ ಎದ್ದು ನಿಂತು ಬಾವಿಗೆ ಬಿದ್ದ ನರಿಯ ಕತೆ ಎತ್ತಿಕೊಂಡ. ನರಿಯನ್ನು ಚೆನ್ನಾಗಿಯೇ ಬೀಳಿಸಿದ. ಮೇಲಕ್ಕೆ ತರುವುದು ಹೇಗೆಂದು ಅವನಿಗೆ ನೆನಪಾಗಲಿಲ್ಲ. ಊರಿನ ಯಾರಿಗೂ ನೆನಪಾಗಲಿಲ್ಲ. ಅಂದಿನಿಂದ ಬೀಗರ ಊರಿನವರು ಸಂತೆಯಲ್ಲಿ ಸಿಕ್ಕಾಗಲೆಲ್ಲ, "ಏನ್ರಪ್ಪ, ನಿಮ್ಮ ನರಿ ಇನ್ನೂ ಬಾವಿಯಲ್ಲೇ ಇದೆಯಾ? ಹುಲ್ಲುಗಿಲ್ಲು ಹಾಕುತ್ತಿದ್ದೀರೋ ಇಲ್ಲವೋ?" ಎಂದು ವಿಚಾರಿಸತೊಡಗಿದರು.

ವರ್ತಕನಿಗೆ ಈ ಮಾತು ಚುಚ್ಚಿತು. ಅವನು ಒಳ್ಳೆಯ ಮನುಷ್ಯ. ನಾಚಿಕೆಯನ್ನು ಸಿಟ್ಟು ಮಾಡಿಕೊಳ್ಳಲಿಲ್ಲ, ಕೆಲಸ ಮಾಡಿಕೊಂಡ. ತನ್ನ ಖಾಲಿ ಉಗ್ರಾಣವನ್ನು ಗುಡಿಸಿ, ಸಾರಿಸಿ, ಅಲ್ಲೊಂದು ಕತೆಯ ಕೂಟ ತೆರೆದ. ಸಂತೆಯ ಮರುದಿನ ಮಧ್ಯಾಹ್ನ ಎಲ್ಲರೂ ಸೇರಬೇಕು. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕಲಿಸಬೇಕು. ಗೋಡೆಯ ಮೇಲೆ ಸುಣ್ಣದಲ್ಲಿ ಮೂರು ನಿಯಮ ಬರೆಸಿದ. ವರ್ಷದೊಳಗೆ ಪ್ರತಿಯೊಬ್ಬರೂ ಒಂದು ಕತೆಯನ್ನು ಪೂರ್ತಿ ಹೇಳಬೇಕು. ಹೇಳಲಾಗದವರು ಬೇರೆಯವರಿಗೆ ಜಾಗ ಬಿಡಬೇಕು. ಕತೆ ನಡೆಯುವಾಗ ಯಾರೂ ಬಾಯಿ ತೆರೆಯಬಾರದು.

ಮೂರನೆಯ ನಿಯಮವನ್ನು ಅವನು ಪಟ್ಟಣದಿಂದ ತಂದಿದ್ದ. ಅಲ್ಲೊಬ್ಬ ಪಂಡಿತರ ಪ್ರವಚನಕ್ಕೆ ಹೋಗಿದ್ದನಂತೆ. ಐನೂರು ಜನ ಕೂತಿದ್ದರೂ ಒಂದು ಕೆಮ್ಮಿಲ್ಲ, ಒಂದು ಆಕಳಿಕೆಯಿಲ್ಲ. ಕೇಳಿದರೆ ಹಾಗೆ ಕೇಳಬೇಕು ಎಂದು ಅವನಿಗೆ ಅನಿಸಿತ್ತು. ಆ ಊರಿನಲ್ಲಿ ಮೊದಲಿನಿಂದ ನಡೆದುಬಂದದ್ದು ಬೇರೆ. ಕತೆ ಹೇಳುವವರ ಎದುರಿಗೆ ಒಬ್ಬರನ್ನು ಹೂಂಗುಟ್ಟಲು ಕೂರಿಸುತ್ತಿದ್ದರು. ಒಂದೊಂದು ಮಾತಿಗೂ ಅವರು ಹೂಂ ಎನ್ನಬೇಕು. ಹೂಂ ಬಂದರೆ ಮುಂದಿನ ಮಾತು. ವರ್ತಕ ಅದನ್ನು ತೆಗೆದುಹಾಕಿದ. "ನಡುನಡುವೆ ಹೂಂ ಹೂಂ ಎನ್ನುವುದು ಎಮ್ಮೆ ಮಂದೆಯ ರೀತಿ. ನಾವೇನು ಎಮ್ಮೆಗಳೇ?" ಎಂದ. ಎಲ್ಲರೂ ಅಲ್ಲವೆಂದು ತಲೆಯಾಡಿಸಿದರು.

ಆ ಕೂಟಕ್ಕೆ ಒಬ್ಬ ಹಗ್ಗ ಹೊಸೆಯುವವನು ಬಂದ.

ಹಗ್ಗದ ಕೆಲಸ ಒಬ್ಬರಿಂದ ಆಗುವುದಲ್ಲ, ಹಾಲೇಶಿ. ಒಬ್ಬರು ಒಂದು ಕಡೆ ಕೂತು ತಿರುಗಣಿ ತಿರುಗಿಸಬೇಕು. ಇನ್ನೊಬ್ಬರು ಮಡಿಲಿನಿಂದ ನಾರು ಕೊಡುತ್ತ ಕೊಡುತ್ತ ಹಿಂದೆ ಹಿಂದೆ ನಡೆಯಬೇಕು. ಆ ಮನೆಯಲ್ಲಿ ನಾರು ಕೊಡುತ್ತಿದ್ದವಳು ತಾಯಿ. ಏಳನೆಯ ವಯಸ್ಸಿನಿಂದ ತಿರುಗಣಿ ತಿರುಗಿಸಿದವನು ಮಗ. ಬೇಸರ ಕಳೆಯಲೆಂದು ತಾಯಿ ಕತೆ ಹೇಳುತ್ತಿದ್ದಳು. ಹೂಂಗುಟ್ಟುವ ಕೆಲಸ ಇವನದು. ಹಗ್ಗ ಬೆಳೆದಷ್ಟೂ ಅವ್ವ ದೂರ. ಅವ್ವ ದೂರವಾದಷ್ಟೂ ಇವನ ಹೂಂ ಜೋರು. ಐವತ್ತು ಮೊಳದ ಹಗ್ಗಕ್ಕೆ ಐವತ್ತು ಮೊಳದ ಹೂಂ. ನಾನು ಕಿವಿಯಾರೆ ಕೇಳಿದ್ದೇನೆ. ಒಂದು ದಿನ ಪಕ್ಕದೂರಿನ ಎಮ್ಮೆಯೊಂದು, ಯಾರೋ ನನ್ನವರೇ ಕರೆದರು ಎಂದುಕೊಂಡು ಹಗ್ಗ ಕಿತ್ತುಕೊಂಡು ಓಡಿಬಂದಿತ್ತು. ಕಿತ್ತುಕೊಂಡ ಹಗ್ಗ ಇವರು ಹೊಸೆದದ್ದಲ್ಲ ಮತ್ತೆ. ಇವರದಾಗಿದ್ದರೆ ಎಮ್ಮೆ ಗೂಟವನ್ನೂ ಹೊತ್ತು ತರಬೇಕಾಗುತ್ತಿತ್ತು.

ತಿರುಗಣಿಯ ಮೇಲೆ ಕೈಯಿದ್ದರೂ ಹುಡುಗರ ಮನಸ್ಸು ಗೋಲಿಯಾಟಕ್ಕೆ ಹೋಗುತ್ತದೆ. ಅದಕ್ಕೆ ಅವ್ವ ನಡುವೆ ಸುಳ್ಳು ಸೇರಿಸುತ್ತಿದ್ದಳು. "ಆಗ ರೈತನ ಎತ್ತು ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿತು" ಎನ್ನುವಳು. ಇವನು ಹೂಂ ಎಂದನೋ, ಆ ತುದಿಯಿಂದ ಒದ್ದೆ ನಾರಿನ ಉಂಡೆ ಹಾರಿಬಂದು ಬೆನ್ನಿಗೆ ಬೀಳುತ್ತಿತ್ತು. ಮಗ ಬೆಳೆದಂತೆ ಅವ್ವ ಸುಳ್ಳನ್ನು ಸಣ್ಣದು ಮಾಡಿದಳು. ಆರು ಮೆಟ್ಟಿಲನ್ನು ಏಳು ಎನ್ನುವಳು. ಮೂಡಣವನ್ನು ಪಡುವಣ ಎನ್ನುವಳು. ಇವನು ಸುಮ್ಮನಾಗುವನು. ಸುಮ್ಮನಾದರೆ ಅವ್ವ ನಕ್ಕು ಸರಿಯಾದದ್ದನ್ನು ಹೇಳುವಳು. ಹೀಗೆ ನಲವತ್ತು ವರ್ಷ.

ಅವಳು ಕತೆಗಳನ್ನು ಬೇಕಾದಷ್ಟು ಹೇಳಿದ್ದಳು. ಅದರಲ್ಲಿ ಒಂದು ಮಾತ್ರ ಅವಳದೇ. ಗಾಳಿಯನ್ನು ಮದುವೆಯಾದ ಹುಡುಗಿಯ ಕತೆ. ಅದನ್ನು ಬೇರೆ ಯಾರೂ ಹೇಳಿದ್ದಿಲ್ಲ. ಆಮೇಲೆ ಅವ್ವ ತೀರಿಕೊಂಡಳು. ಮಗನಿಗೆ ಬಿಟ್ಟುಹೋದದ್ದು ಒಂದು ತಿರುಗಣಿ, ಒಂದು ಕತೆ. ತಿರುಗಣಿಗೆ ಗೆದ್ದಲು ಹಿಡಿಯಿತು.

ಅವನು ಮೊದಲ ದಿನವೇ ವರ್ತಕನಿಗೆ ಕೈಮುಗಿದು, "ನನಗೆ ಬೇರೆ ಕತೆ ಬೇಡ ಯಜಮಾನರೇ. ಅವ್ವನದೊಂದನ್ನು ಬಾಯಿಬಿಟ್ಟು ಹೇಳುವ ಹಾಗೆ ಮಾಡಿ ಸಾಕು. ಅದು ನನ್ನೊಳಗೇ ಇದ್ದು ನನ್ನ ಜೊತೆಗೇ ಹೋಗಬಾರದು" ಎಂದ.

"ಅಷ್ಟೇ ತಾನೇ? ಇವತ್ತೇ ಹೇಳು. ನಿಲ್ಲು," ಎಂದ ವರ್ತಕ.

ಅವನು ನಿಂತ. ಗಂಟಲು ಸರಿಮಾಡಿಕೊಂಡ. "ಒಬ್ಬ ರೈತ ಇದ್ದ" ಎಂದ. ತಾನೇ "ಹೂಂ" ಎಂದ. ಮುಂದಿನ ಮಾತಿಗೆ ಕಾಯುತ್ತ ನಿಂತ.

ಕೂಟ ಬಿದ್ದು ಬಿದ್ದು ನಕ್ಕಿತು. ನಲವತ್ತು ವರ್ಷ ಮುಂದಿನ ಮಾತು ಬಯಲಿನ ಆ ತುದಿಯಿಂದ ಬಂದಿತ್ತು. ಈಗ ಅದು ತನ್ನ ಬಾಯಿಂದಲೇ ಬರಬೇಕೆಂಬುದನ್ನು ಅವನ ನಾಲಿಗೆ ಒಪ್ಪಲಿಲ್ಲ. ವರ್ತಕ ಸೋಲುವವನಲ್ಲ. ನಾಲಿಗೆಗೆ ಬಜೆ ತೇಯಿಸಿ ಹಚ್ಚಿಸಿದ. ಬೆಳಗ್ಗೆ ಜೇನು ನೆಕ್ಕಿಸಿದ. ಕನ್ನಡಿಯ ಮುಂದೆ ನಿಲ್ಲಿಸಿ ಹೇಳು ಎಂದ. ಕನ್ನಡಿಯ ಹೊರಗಿನವನು ಹೂಂ ಎಂದು ಕಾದ. ಒಳಗಿನವನೂ ಹೂಂ ಎಂದು ಕಾದ. ಇಬ್ಬರಲ್ಲಿ ಒಬ್ಬನೂ ಮುಂದಿನದನ್ನು ಹೇಳಲಿಲ್ಲ.

ಉಳಿದವರ ಕತೆಗಳೇನೂ ಸುಖವಾಗಿರಲಿಲ್ಲ. ಮನೆಯಲ್ಲಿ ಒಂದು ತಾಸು ಬರುತ್ತಿದ್ದ ಕತೆ ಉಗ್ರಾಣಕ್ಕೆ ಬಂದರೆ ಕಾಲು ತಾಸಿಗೆ ಮುಗಿಯುತ್ತಿತ್ತು. ರಾಜ ಹೊರಟ, ಹೋದ, ಬಂದ, ಸತ್ತ. ಯಾಕೆ ಹೀಗೆ ಎಂದು ಯಾರಿಗೂ ತಿಳಿಯಲಿಲ್ಲ. ಮಂಡಕ್ಕಿ ಹುರಿಯುವ ಮುದುಕಿಯೊಬ್ಬಳಿದ್ದಳು. ಅವಳ ಬಾಯಿಯ ಮುಂದೆ ಊರಿಗೆ ಊರೇ ತಲೆ ತಗ್ಗಿಸುತ್ತಿತ್ತು. ಅವಳೂ ಅಲ್ಲಿ ಎದ್ದು ನಿಂತರೆ ನಡುವೆ ಕಕ್ಕಾಬಿಕ್ಕಿಯಾಗುತ್ತಿದ್ದಳು. "ನೀವೆಲ್ಲ ಹೀಗೆ ಬಾಯಿ ಹೊಲಿದುಕೊಂಡು ಕೂತರೆ, ನಾನೇ ಸತ್ತಿದ್ದೇನೆ, ನನ್ನ ಹೆಣದ ಮುಂದೆ ಬಂದು ಕೂತಿದ್ದೀರೇನೋ ಅನಿಸುತ್ತದೆ ಕಣ್ರಪ್ಪ," ಎಂದು ಬೈದು ಕೂರುತ್ತಿದ್ದಳು. ವರ್ತಕ ಗೋಡೆಯ ಮೇಲಿನ ನಿಯಮವನ್ನು ತೋರಿಸುತ್ತಿದ್ದ.

ವರ್ಷ ತುಂಬಿತು.

ಕೊನೆಯ ದಿನ ಹಗ್ಗದವನಿಗೆ ಇನ್ನೊಂದು ಸಲ ನಿಲ್ಲಲು ಹೇಳಿದರು. ಅವನು ನಿಂತ. ಅಂದು "ಒಬ್ಬ ರೈತ" ಎನ್ನುವುದಕ್ಕೇ ಬೆವರಿದ. ಒಳಗೆ ಕತೆ ತುಂಬಿಕೊಂಡು ನಿಂತಿತ್ತು. ರೈತನ ಕಣ, ಹುಡುಗಿಯ ಸೀರೆ, ಅವ್ವನ ದನಿಯ ಏರಿಳಿತ, ಯಾವುದೂ ಮಸುಕಾಗಿರಲಿಲ್ಲ. ಬಾಯಿಗೆ ಮಾತ್ರ ಬರಲಿಲ್ಲ. ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಕೂತುಬಿಟ್ಟ.

ವರ್ತಕ ಅವನ ಹತ್ತಿರ ಬಂದ. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇತ್ತು.

"ತಪ್ಪು ತಿಳಿಯಬೇಡಪ್ಪ. ಕೆಲವರಿಗೆ ದೇವರು ಬಾಯಿ ಕೊಡುತ್ತಾನೆ, ಕೆಲವರಿಗೆ ಕೈ. ನೀವು ತಾಯಿಮಗ ಹೊಸೆದ ಹಗ್ಗದಂಥ ಹಗ್ಗ ಈ ಸೀಮೆಯಲ್ಲಿಲ್ಲ. ಮುಂದಿನ ವಾರದಿಂದ ನಿನ್ನ ಜಾಗದಲ್ಲಿ ಬೇರೊಬ್ಬರು ಕೂರಲಿ."

"ಹೂಂ," ಎಂದ ಅವನು. ಅಷ್ಟು ಸಣ್ಣ ಹೂಂ ಅವನ ಬಾಯಿಂದ ಹುಟ್ಟಿದಾಗಿನಿಂದ ಬಂದಿರಲಿಲ್ಲ.

ತಾಂಬೂಲ ತೆಗೆದುಕೊಂಡು ಅವನು ಬಾಗಿಲ ಕಡೆ ಹೆಜ್ಜೆ ಇಟ್ಟ. ಆಗ ಮಂಡಕ್ಕಿಯ ಮುದುಕಿ, "ತಡಿಯಪ್ಪ," ಎಂದಳು. "ನಿಮ್ಮವ್ವನ ಆ ಕತೆ ನನಗೂ ಚೂರುಪಾರು ಗೊತ್ತು. ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಿಮ್ಮ ಹಗ್ಗದ ಬಯಲು ದಾಟಿ ನೀರಿಗೆ ಹೋಗುತ್ತಿದ್ದೆ. ಹೋಗುವಾಗ ಒಂದು ತುಂಡು ಕಿವಿಗೆ ಬೀಳುತ್ತಿತ್ತು, ಬರುವಾಗ ಒಂದು ತುಂಡು. ತಲೆಯ ಮೇಲೆ ಕೊಡ, ಮನೆಯಲ್ಲಿ ಅತ್ತೆ. ನಿಂತು ಕೇಳುವ ಹಾಗಿರಲಿಲ್ಲ. ಆ ತುಂಡನ್ನಾದರೂ ಕೇಳಿಕೊಂಡು ಹೋಗು. ಒಂದು ವರ್ಷ ನಮ್ಮ ಜೊತೆ ಕೂತವನು ಬರಿ ತೆಂಗಿನಕಾಯಿ ಹಿಡಿದು ಹೋಗಬಾರದು."

ಅವನು ಬಾಗಿಲಲ್ಲೇ ಕೂತ. ಮುದುಕಿ ಉಗ್ರಾಣದ ಆ ಗೋಡೆಗೆ ಒರಗಿಕೊಂಡಳು. ಇಬ್ಬರ ನಡುವೆ ಇಡೀ ಕೂಟವಿತ್ತು.

"ಒಬ್ಬ ರೈತ. ಕಣದಲ್ಲಿ ರಾಶಿ ಬಿದ್ದಿದೆ. ತೂರೋಣವೆಂದರೆ ಗಾಳಿಯಿಲ್ಲ. ಒಂದು ದಿನ ಕಾದ. ಎರಡು ದಿನ ಕಾದ. ಮೂರನೆಯ ದಿನ ಮೊರ ಎತ್ತಿ ಹಿಡಿದು, 'ಗಾಳಿರಾಯ, ಬಂದು ನನ್ನ ರಾಶಿ ತೂರಿಕೊಡು, ನನ್ನ ಮಗಳನ್ನು ನಿನಗೆ ಧಾರೆಯೆರೆದು ಕೊಡುತ್ತೇನೆ' ಅಂದ."

"ಹೂಂ!"

ಉಗ್ರಾಣದ ತೊಲೆಯ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಅವುಗಳಲ್ಲಿ ಎರಡು ಇಂದಿಗೂ ಆ ಊರಿಗೆ ವಾಪಸು ಬಂದಿಲ್ಲ. ವರ್ತಕ ಎದ್ದು ನಿಂತು, "ಏಯ್, ನಿಯಮ!" ಎಂದ.

"ನಿಯಮವನ್ನು ನಿನ್ನ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಪ್ಪ," ಎಂದಳು ಮುದುಕಿ. "ಒಂದು ವರ್ಷದಿಂದ ಇಲ್ಲಿ ಹೇಳುತ್ತಿದ್ದೇನೆ. ಇವತ್ತು ಒಬ್ಬನಿಗೆ ನಾನು ಕೇಳಿಸಿದೆ." ಅವಳ ದನಿ ಒಲೆಯ ಮುಂದಿನ ದನಿಯಾಯಿತು. "ಗಾಳಿ ಬಂತು. ರಾಶಿ ತೂರಿತು. ಮಾತು ಕೊಟ್ಟ ಮೇಲೆ ತಪ್ಪುವುದುಂಟೇ? ಮಗಳಿಗೆ ಹಸಿರು ಸೀರೆ ಉಡಿಸಿ ಕಣದಲ್ಲಿ ನಿಲ್ಲಿಸಿದರು."

ಹೂಂ ಬರಲಿಲ್ಲ.

ಮುದುಕಿ ಬಾಗಿಲ ಕಡೆ ನೋಡಿದಳು. ಅವನು ಬಾಯಿ ಮುಚ್ಚಿಕೊಂಡು ಕೂತಿದ್ದ.

"ಕೆಂಪು ಸೀರೆಯೋ?" ಎಂದಳು. ಅವನು ಸುಮ್ಮನಿದ್ದ.

"ಅರಿಸಿನದ ಸೀರೆ?"

"ಹೂಂ!"

ಕೂಟದವರು ಕೂತಲ್ಲಿಯೇ ಮುಂದೆ ಸರಿದರು. ಮುದುಕಿ ತನಗೆ ಗೊತ್ತಿದ್ದ ತುಂಡನ್ನು ಹಿಡಿದು ಗೊತ್ತಿಲ್ಲದ ಕಡೆಗೆ ಹೊರಟಳು. ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆದ ಹಾಗೆ ಅವನ ಹೂಂ ಸವರಿಕೊಂಡು ನಡೆದಳು. ಗಾಳಿಯ ಮನೆಗೆ ಹುಡುಗಿ ಬಂದಳು. ಹೂಂ. ಗಂಡ ಬಂದರೆ ಬಾಗಿಲು ಬಡಿಯುತ್ತದೆ, ಹೋದರೆ ತೋರಣ ಅಲ್ಲಾಡುತ್ತದೆ. ಹೂಂ. ಮುಖ ಮಾತ್ರ ಕಾಣದು. ಹೂಂ. ಒಂದು ದಿನವಾದರೂ ಅವನನ್ನು ನೋಡಬೇಕೆಂದು ಅವಳಿಗೆ ಆಸೆಯಾಯಿತು. ಹೂಂ.

"ದೀಪ ಹಿಡಿದು ನೋಡಿದಳು."

ಸುಮ್ಮನಿದ್ದ.

"ಅಯ್ಯೋ, ಗಾಳಿಯ ಮುಂದೆ ದೀಪ ನಿಲ್ಲುತ್ತದೆಯೇ, ನಾನೊಬ್ಬಳು. ನೀರು ಎರಚಿದಳು."

ಸುಮ್ಮನಿದ್ದ.

"ಬೂದಿ ಎರಚಿದಳು!" ಎಂದರು ಯಾರೋ ಹಿಂದಿನಿಂದ. ಸುಮ್ಮನಿದ್ದ. "ಹಿಟ್ಟು!" ಎಂದರು ಇನ್ನೊಬ್ಬರು. ಸುಮ್ಮನಿದ್ದ. ಬಾಯಿ ತೆರೆಯಬಾರದೆಂಬ ನಿಯಮ ಅಷ್ಟರಲ್ಲಿ ಯಾರಿಗೂ ನೆನಪಿರಲಿಲ್ಲ. ಬರೆಸಿದವನಿಗೂ ನೆನಪಿರಲಿಲ್ಲ.

"ತವರಿನಿಂದ ಮೊರ ತಂದಿದ್ದಳಲ್ಲವೇ? ಅದರಲ್ಲಿ ಹೊಟ್ಟು ತೂರಿದಳು!" ಎಂದು ವರ್ತಕ ಕೂಗಿದ.

"ಹೂಂ!!"

ವರ್ತಕ ಎದ್ದು ಕುಣಿದೇಬಿಟ್ಟ. ಪಕ್ಕದಲ್ಲಿದ್ದವರನ್ನು ತಟ್ಟಿ ತಟ್ಟಿ, "ನಾನೇ ಹೇಳಿದ್ದು, ಕೇಳಿಸಿತಾ? ನಾನೇ ಹೇಳಿದ್ದು" ಎಂದ. ಕೂತುಕೋ ಮಾರಾಯ ಎಂದು ಅವನನ್ನು ಎಳೆದು ಕೂರಿಸಿದರು.

ಹೊಟ್ಟು ಹಾರಿತು. ಹೊಟ್ಟಿನ ನಡುವೆ ಗಂಡನ ಆಕಾರ ಕಂಡಿತು. ಮೂರು ಲೋಕ ಸುತ್ತಿ ಸುತ್ತಿ ಅವನ ಮುಖ ದಣಿದುಹೋಗಿತ್ತು. ಹೂಂ. ಅವಳಿಗೆ ಅಯ್ಯೋ ಎನಿಸಿತು. ಬಾಗಿಲು ಹಾಕಿ, ಅಗಳಿ ಹಾಕಿ, "ಇನ್ನು ನೀನು ಎಲ್ಲಿಗೂ ಹೋಗಬೇಡ" ಎಂದಳು. ಹೂಂ. ಗಾಳಿ ಮನೆಯಲ್ಲೇ ಮಲಗಿತು. ಹೊರಗೆ ಒಂದು ಎಲೆ ಅಲ್ಲಾಡಲಿಲ್ಲ. ಊರೂರ ಕಣಗಳಲ್ಲಿ ರಾಶಿ ಹಾಗೇ ಬಿದ್ದಿತು. ಹೂಂ. ಅವಳ ಅಪ್ಪನ ಕಣದಲ್ಲೂ ಬಿದ್ದಿತು. ಅಪ್ಪ ಮೊರ ಹಿಡಿದು ನಿಂತೇ ಇದ್ದ. ಹೂಂ. ಅವಳು ಅದನ್ನು ಕಿಟಕಿಯಿಂದ ನೋಡಿದಳು. ಅಗಳಿ ತೆಗೆದಳು. ಬಾಗಿಲು ತೆರೆದಳು. ಗಂಡನಿಗೆ ಒಂದು ಮಾತು ಹೇಳಿದಳು.

"ಹೂಂ," ಎಂದು ಅವನು ಮುಂದಕ್ಕೆ ಬಾಗಿದ.

ಆ ಮಾತು ಏನೆಂದು ಮುದುಕಿಗೆ ಗೊತ್ತಿರಲಿಲ್ಲ. ಅದನ್ನು ಅವನ ಅವ್ವ ಹಗ್ಗದ ಆ ಕೊನೆಯಲ್ಲಿ ಹೇಳುತ್ತಿದ್ದಳು. ನೀರಿನ ದಾರಿಗೆ ಅದು ಕೇಳಿಸುತ್ತಿರಲಿಲ್ಲ.

"ಹೋಗು ಅಂದಳು."

ಸುಮ್ಮನಿದ್ದ.

"ಮರೆಯಬೇಡ ಅಂದಳು."

ಸುಮ್ಮನಿದ್ದ. ಕೂಟದವರು ಒಬ್ಬೊಬ್ಬರಾಗಿ ತಮಗೆ ತೋಚಿದ್ದನ್ನು ಹೇಳಿದರು. ಎಲ್ಲದಕ್ಕೂ ಸುಮ್ಮನಿದ್ದ. ಅವನ ಕಣ್ಣು ಮುದುಕಿಯ ಬಾಯಿಯ ಮೇಲೆಯೇ ಇತ್ತು. ಹೊಳೆ ದಾಟಿಸಿ ದಡದಲ್ಲಿ ಕೈಬಿಟ್ಟಾರೇನೋ ಎಂಬಂತೆ ನೋಡುತ್ತಿದ್ದ.

ಮುದುಕಿ ಕಣ್ಣು ಮುಚ್ಚಿ ಕೂತಳು. "ನನ್ನ ಗಂಡ ಮಂಡಕ್ಕಿ ಚೀಲ ಹೊತ್ತು ಸಂತೆಗೆ ಹೊರಟಾಗ ಬಾಗಿಲಲ್ಲಿ ನಿಂತು ನಾನು ಏನನ್ನುತ್ತಿದ್ದೆ?" ಎಂದು ತನ್ನನ್ನೇ ಕೇಳಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

"ಹೋಗಿ ಬಾ."

ಹೂಂ ಬರಲಿಲ್ಲ.

ಇದೂ ತಪ್ಪಿತೆಂದುಕೊಂಡರು. ಮುದುಕಿ ಬೇರೆ ಮಾತು ಹುಡುಕಲು ಹೊರಟಳು. ಅವನು ಕೈಯೆತ್ತಿ ತಡೆದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಸರಿಯಾಯಿತು ಅಜ್ಜಿ. ಇಲ್ಲಿ ಹೂಂ ಇಲ್ಲ. ಇಲ್ಲಿಗೆ ಹಗ್ಗ ಮುಗಿಯುತ್ತಿತ್ತು. ಅವ್ವ ತುದಿಯನ್ನು ಗೂಟಕ್ಕೆ ಕಟ್ಟಿ, ನಡೆದುಕೊಂಡು ಬಂದು, ನನ್ನ ತಲೆ ಮುಟ್ಟುತ್ತಿದ್ದಳು."

ಮೊದಲ ದಿನ ವರ್ತಕನನ್ನು ಬೇಡಿಕೊಂಡದ್ದು ಬಿಟ್ಟರೆ, ಒಂದು ವರ್ಷದಲ್ಲಿ ಆ ಕೂಟದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇ.

ಮುದುಕಿ ಎದ್ದಳು. ಜನರ ನಡುವೆ ದಾರಿ ಮಾಡಿಕೊಂಡು ಬಾಗಿಲ ತನಕ ನಡೆದಳು. ಅವನ ತಲೆಯ ಮೇಲೆ ಕೈಯಿಟ್ಟಳು. "ಅಂದಿನಿಂದ ನಮ್ಮ ಸೀಮೆಯಲ್ಲಿ ಹೊರಟವರಿಗೆ ಯಾರೂ ಹೋಗು ಅನ್ನುವುದಿಲ್ಲ. ಹೋಗಿ ಬಾ ಅನ್ನುತ್ತಾರೆ. ಗಾಳಿಯೂ ಬಂದೇ ಬರುತ್ತದೆ," ಎಂದು ಕತೆ ಮುಗಿಸಿದಳು. ಆಮೇಲೆ ಮಡಿಲಿನಲ್ಲಿದ್ದ ಮಂಡಕ್ಕಿಯನ್ನೆಲ್ಲ ಅವನ ವಸ್ತ್ರಕ್ಕೆ ಸುರಿದಳು.

"ಇದೇನು ಅಜ್ಜಿ? ಅವ್ವನ ಕತೆಯನ್ನು ಉಳಿಸಿದವಳು ನೀನು. ಕೊಡಬೇಕಾದವನು ನಾನು."

"ಹೋಗೋ ಹುಚ್ಚಪ್ಪ. ನನ್ನ ಹತ್ತಿರ ಇದ್ದದ್ದು ನಾಲ್ಕು ಚೂರು. ಪೂರ್ತಿ ಕತೆ ನಿನ್ನ ಹತ್ತಿರ ಇತ್ತು. ನಲವತ್ತು ವರ್ಷದ ಮೇಲೆ ನನಗೆ ಪೂರ್ತಿ ಕೇಳಿಸಿದೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ."

ನೀನು ದೊಡ್ಡವಳು, ನೀನು ದೊಡ್ಡವನು ಎಂದು ಇಬ್ಬರೂ ಜಗಳಕ್ಕೇ ನಿಂತರು. ಅಷ್ಟು ಸೊಗಸಾದ ಜಗಳವನ್ನು ನಾನು ಬೇರೆಲ್ಲೂ ನೋಡಿಲ್ಲ. ನಮ್ಮ ಮನೆಯದನ್ನು ಬಿಟ್ಟರೆ.

ವರ್ತಕ ಗೋಡೆಯ ಹತ್ತಿರ ಹೋಗಿ, ತನ್ನ ರೇಷ್ಮೆ ಅಂಚಿನ ಶಲ್ಯವನ್ನು ನೀರಿಗೆ ಅದ್ದಿ, ಮೂರು ನಿಯಮಗಳನ್ನೂ ತನ್ನ ಕೈಯಾರೆ ಒರೆಸಿದ. ಆಮೇಲೆ ಆ ಊರಿನ ಕೂಟಕ್ಕೆ ಸುತ್ತಣ ಊರಿನವರೆಲ್ಲ ಕತೆ ಹಿಡಿದುಕೊಂಡು ಬರತೊಡಗಿದರು. ಅರ್ಧ ಮರೆತವರು, ಕಾಲು ಮರೆತವರು, ಅಜ್ಜಿಯಿಂದ ಕೇಳಿ ನಡುವೆ ನಿದ್ದೆ ಹೋದವರು. ಹಗ್ಗದವನು ಎದುರಿಗೆ ಕೂತರೆ ಯಾರ ಕತೆಯೂ ದಾರಿಯಲ್ಲಿ ಸಾಯುತ್ತಿರಲಿಲ್ಲ. ಅವನು ಮಾತ್ರ ತನ್ನ ಜೀವಮಾನದಲ್ಲಿ ಒಂದು ಕತೆಯನ್ನೂ ಹೇಳಲಿಲ್ಲ.

ಮಾವ ಇಲ್ಲಿಗೆ ನಿಲ್ಲಿಸಿ ಎಲೆಯ ರಸ ನುಂಗಿದರು.

ಹಾಲೇಶ ಕೆಟ್ಟವನಲ್ಲ. ಕೂಟ ಬೆಳೆಯಬೇಕೆಂಬ ಆಸೆಯಲ್ಲಿ ಸ್ವಲ್ಪ ಅವಸರದವನು, ಅಷ್ಟೇ. ದೊಡ್ಡ ಮನಸ್ಸು ಮಾಡಿದವನಂತೆ, "ತಿಳಿಯಿತು ಮಾವ. ಆ ಮೂವರಿಗೆ ಏನೂ ಹೇಳುವುದಿಲ್ಲ. ಪಾಪ, ಕೂತಿರಲಿ. ನಾನು ಅವರನ್ನು ಉಳಿಸಿಕೊಳ್ಳುತ್ತೇನೆ" ಎಂದ.

ಮಾವ ನಕ್ಕರು.

"ಈಗ ನಿನಗೆ ಎಷ್ಟು ಕತೆ ಬರುತ್ತದೆ?"

"ನಲವತ್ತರ ಮೇಲಿವೆ ಮಾವ."

"ಭಲೇ. ನನಗಿಂತ ಒಂದು ನಾನೂರು ಕಡಿಮೆ. ಮೊದಲನೆಯದನ್ನು ಯಾರ ಮುಖ ನೋಡಿಕೊಂಡು ಹೇಳಿದೆ?"

ಹಾಲೇಶನಿಗೆ ಆ ದಿನ ನೆನಪಿಗೆ ಬಂತು. ಕತೆಯ ನಡುವೆ ಅವನಿಗೆ ರಾಣಿಯ ಹೆಸರು ಮರೆತುಹೋಗಿತ್ತು. ಹಿಂದಿನ ಸಾಲಿನವರು ಕಿಸಕ್ಕೆಂದಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮೂವರು ಮಾತ್ರ ಕಣ್ಣು ಕದಲಿಸಿರಲಿಲ್ಲ. ಅವರಲ್ಲಿ ಒಬ್ಬರು ಮೊಣಕಾಲು ತಬ್ಬಿಕೊಂಡು, ಹೆಸರಿನ ಗೊಡವೆಯೇ ಇಲ್ಲದವರಂತೆ, "ಹೂಂ, ಆಮೇಲೆ?" ಎಂದಿದ್ದರು. ಅಂದು ಆ ಮಾತು ಬರದೇ ಇದ್ದಿದ್ದರೆ ಅವನು ಚಪ್ಪಲಿ ಮೆಟ್ಟಿ ಮನೆಗೆ ಹೋಗಿಬಿಡುತ್ತಿದ್ದ. ಮತ್ತೆ ಬರುತ್ತಿರಲಿಲ್ಲ.

ಮಾವ ಅವನ ಹೆಗಲ ಮೇಲೆ ಕೈಯಿಟ್ಟರು.

"ನಾಲ್ಕು ವರ್ಷದಿಂದ ನಿನ್ನನ್ನು ಉಳಿಸಿಕೊಂಡು ಬಂದವರು ಅವರು, ಹಾಲೇಶಿ."